ಬಿಲ್ಲಿನ ಕೋಲನ್ನು ಕೆಂಡಕ್ಕೆ ಕಾಯಿಸುವುದು ಯಾಕೆ? ಯಾವ ಬದಿ?

ಬಿಲ್ಲುಗಾರನ ಕಡೆಗಿರುವ ಬದಿ ಮಾತ್ರ. ಹೆದೆ ಎಳೆದಾಗ ಆ ಬದಿ ಒತ್ತಿಕೊಳ್ಳುತ್ತದೆ, ಆಚೆ ಬದಿ, ಅಂದರೆ ಬಿಲ್ಲಿನ ಬೆನ್ನು, ಹಿಗ್ಗುತ್ತದೆ. ಕಾಯಿಸಿದ ಮರ ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಆದರೆ ಎಳೆತಕ್ಕೆ ಪೆಡಸು. ಬೆನ್ನನ್ನೂ ಸುಟ್ಟರೆ ಚಟ್ಟೆಂದು ಮುರಿದೀತು. ಇನ್ನೊಂದು ಲಾಭ, ತೇವ ಕಡಿಮೆ ಹೀರುತ್ತದೆ. ನಮ್ಮ ಬದಿಯಡ್ಕದ ಕಡೆ ಮಳೆಗಾಲದ ಆಟಿ ತಿಂಗಳಲ್ಲಿ ಡಬ್ಬದೊಳಗಿನ ಹಪ್ಪಳವೇ ಮೆತ್ತಗಾಗುತ್ತದೆ, ಇನ್ನು ತೇವ ಹೀರಿದ ಬಿಲ್ಲು ಹೆದೆ ಬಿಚ್ಚಿದ ಮೇಲೂ ಬಾಗಿದಂತೆಯೇ ಉಳಿದರೆ ಆಶ್ಚರ್ಯವೇನು?

ಮರ ಮೊದಲೇ ಪೂರ್ತಿ ಒಣಗಿರಬೇಕು, ಹಸಿಯಿದ್ದರೆ ಬಿರುಕು ಬಿಡುತ್ತದೆ. ಜ್ವಾಲೆ ಬೇಡ. ಗೆರಟೆ (ತೆಂಗಿನ ಚಿಪ್ಪು) ಕೆಂಡದಿಂದ ಸುಮಾರು ಒಂದು ಗೇಣು ಮೇಲೆ ಹಿಡಿದು, ನಿಧಾನಕ್ಕೆ, ಹದವಾಗಿ ಹುರಿದ ಕಾಫಿ ಬೀಜದ ಬಣ್ಣ ಬರುವವರೆಗೆ. ಕರಿಯಾದರೆ ಹಾಳು. ಆಮೇಲೆ ಒಂದು ವಾರವಾದರೂ ಬಗ್ಗಿಸಬೇಡಿ. ಗಾಳಿಯ ತೇವ ಸ್ವಲ್ಪ ವಾಪಸು ಸೇರಬೇಕು.