ವಾಡಿಕೆಯ ಭೇಟಿಯನ್ನು ವಾಡಿಕೆಯಾಗಿಯೇ ಬರೆಯಿರಿ

ನಮಸ್ಕಾರ. ಬ್ರಿಟಿಷ್ ಆಡಳಿತದ ವಿರುದ್ಧ ಎಡಪಂಥೀಯರು ಎದ್ದ 1967ರ ಗಲಭೆಯ ಬೇಸಿಗೆಯಲ್ಲಿ ಹಾಂಗ್‌ಕಾಂಗ್‌ಗೆ ಅಮೆರಿಕದ ವಿಮಾನವಾಹಕ ನೌಕೆಯೊಂದು ಬರುವ ನಿಮ್ಮ ಕಥೆಯನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ವಾನ್‌ಚಾಯ್ ಬೀದಿಗಳ ಚಿತ್ರಣ ಸೊಗಸಾಗಿದೆ. ಆದರೆ ಹಡಗು ನಡುರಾತ್ರಿ ಹೇಳದೆ ಕೇಳದೆ ಬಂದು ನಿಲ್ಲುತ್ತದೆ, ಗವರ್ನರ್ ಅದನ್ನು ಕಿಟಕಿಯಿಂದ ಕಂಡು ಗಾಬರಿಯಾಗುತ್ತಾರೆ. ಕಥೆ ಅಲ್ಲಿಗೇ ನಂಬಿಕೆ ಕಳೆದುಕೊಳ್ಳುತ್ತದೆ.

ವಿಯೆಟ್ನಾಂ ಯುದ್ಧಕಾಲದಲ್ಲಿ ಅಮೆರಿಕದ ನಾವಿಕರು ವಿಶ್ರಾಂತಿಗೆ ಅಲ್ಲಿಗೆ ಬರುವುದು ಮಾಮೂಲಾಗಿತ್ತು, ಅನುಮತಿ ಮೊದಲೇ ಆಗಿರುತ್ತಿತ್ತು. ವಸಾಹತಿನ ವಿದೇಶಾಂಗ ವ್ಯವಹಾರ ಲಂಡನ್ನಿನ ಕೈಯಲ್ಲಿತ್ತು. ಗವರ್ನರ್ ಡೇವಿಡ್ ಟ್ರೆಂಚ್ ಅವರಿಗೆ ಬ್ರಿಟಿಷ್ ವಿದೇಶಾಂಗ ಕಚೇರಿಯಿಂದ ಎರವಲು ಬಂದ ರಾಜಕೀಯ ಸಲಹೆಗಾರರಿದ್ದರು. ಹಾಂಗ್‌ಕಾಂಗನ್ನು ಯುದ್ಧಕ್ಕೆ ನೆಲೆಯಾಗಿ ಬಳಸಲಾಗುತ್ತಿದೆ ಎಂದು ಬೀಜಿಂಗ್ 1965ರಲ್ಲೇ ಬ್ರಿಟನ್ನಿಗೆ ಪ್ರತಿಭಟನೆ ಸಲ್ಲಿಸಿತ್ತು. ಹಡಗನ್ನು ಬೇಡವೆಂದರೆ ಹೆದರಿದಂತೆ, ಬರಲಿ ಎಂದರೆ ಕೆಣಕಿದಂತೆ. ಬಿಕ್ಕಟ್ಟನ್ನು ಅಲ್ಲಿಂದ ಬೆಳೆಸಿ.

ನೀರಿನ ವಿಷಯದಲ್ಲಂತೂ ಒಳ್ಳೆಯ ಅವಕಾಶ ಕಳೆದುಕೊಂಡಿದ್ದೀರಿ. ಜುಲೈ 13ರಿಂದ ಊರಿಗೆ 4 ದಿನಕ್ಕೊಮ್ಮೆ 4 ಗಂಟೆ ಮಾತ್ರ ನೀರು. ನಿಮ್ಮ ಹಡಗು ಅದೇ ಊರಿನಿಂದ ಧಾರಾಳವಾಗಿ ಸಿಹಿನೀರು ತುಂಬಿಸಿಕೊಳ್ಳುತ್ತದೆ! ಯುದ್ಧನೌಕೆ ಸಮುದ್ರದ ನೀರನ್ನೇ ಬಟ್ಟಿ ಇಳಿಸಿಕೊಳ್ಳುತ್ತದೆ. ಬಂದರಿನ ಕೊಳಕು ನೀರು ಅದಕ್ಕೆ ಆಗದ ಕಾರಣ, ಒಳಬರುವ ಮುನ್ನವೇ ಟ್ಯಾಂಕ್ ತುಂಬಿಕೊಳ್ಳಬೇಕು. ಲಂಗರು ಬಿದ್ದ ಮೇಲೆ ಆ ಮಟ್ಟ ಇಳಿಯುತ್ತಲೇ ಹೋಗುತ್ತದೆ. ದಡದಲ್ಲಿ ಬಕೆಟ್ ಸಾಲು, ಹಡಗಿನಲ್ಲಿ ಸ್ನಾನಕ್ಕೆ ಲೆಕ್ಕ: ಎರಡನ್ನೂ ಒಂದೇ ದಿನಕ್ಕೆ ತನ್ನಿ.

ನಾವಿಕರೆಲ್ಲ ಒಟ್ಟಿಗೆ ಇಳಿಯುವುದೂ ಅಸಾಧ್ಯ. ಜುಲೈ ಅಲ್ಲಿ ಟೈಫೂನ್ ಕಾಲ. ಬೆಂಕಿ ಬಿದ್ದರೆ, ಬಿರುಗಾಳಿಯ ಸೂಚನೆ ಬಂದರೆ ಹಡಗನ್ನು ನಡೆಸುವಷ್ಟು ಜನ ಸರದಿಯಂತೆ ಹಡಗಿನಲ್ಲೇ ಉಳಿಯಬೇಕು. ಉಳಿದವರು ದೋಣಿಯಲ್ಲಿ ಫೆನ್ವಿಕ್ ಕಟ್ಟೆಗೆ ಬರುತ್ತಾರೆ. ಕೊನೆಯ ದೋಣಿ ತಪ್ಪಿದವನಿಗೆ ಬಾಡಿಗೆಯ ‘ವಾಲಾವಾಲಾ’ ಮೋಟಾರು ದೋಣಿಯೇ ಗತಿ. ನಿಮ್ಮ ನಾಯಕ ಟ್ಯಾಕ್ಸಿಯಲ್ಲಿ ಸುರಂಗ ಹಾದು ಬಂದರಿನ ಆಚೆ ದಡದ ಕೌಲೂನ್ ಸೇರುತ್ತಾನೆ. ಬಂದರಿನಡಿಯ ಆ ಸುರಂಗ ತೆರೆದದ್ದು 1972ರಲ್ಲಿ.

ಅಮೆರಿಕದವರೂ ಪಾಲ್ಗೊಳ್ಳುವ ಕೊನೆಯ ಪೊಲೀಸ್ ದಾಳಿಯ ದೃಶ್ಯವನ್ನು ತೆಗೆದುಬಿಡಿ. ಆಗಸ್ಟ್ 4ರಂದು ನಾರ್ತ್ ಪಾಯಿಂಟ್‌ನ ಬಹುಮಹಡಿ ಕಟ್ಟಡದಲ್ಲಿದ್ದ ಎಡಪಂಥೀಯರ ನೆಲೆಯ ಮೇಲಿನ ದಾಳಿಗೆ ಬಳಸಿದ ಹೆಲಿಕಾಪ್ಟರ್‌ಗಳು ಬ್ರಿಟನ್ನಿನದೇ ಹರ್ಮಿಸ್ ಹಡಗಿನವು (ಮುಂದೆ ನಮ್ಮ ನೌಕಾಪಡೆಯ ವಿರಾಟ್ ಆದದ್ದು ಇದೇ ಹಡಗು). ಅಮೆರಿಕದವರು ವಸಾಹತಿನ ಪೊಲೀಸ್ ಕೆಲಸಕ್ಕೆ ಕೈಹಾಕಿದ್ದರೆ, ಇದು ಬರೀ ವಿಶ್ರಾಂತಿಯ ಭೇಟಿ ಎಂದು ಲಂಡನ್ ಯಾರ ಮುಂದೆಯೂ ಹೇಳುವಂತಿರಲಿಲ್ಲ.

ಸಲಹೆಗಾರನನ್ನು ಮುಖ್ಯ ಪಾತ್ರ ಮಾಡಿ, ಹಡಗು ಬರುವ ಹಿಂದಿನ ವಾರದಿಂದ ಶುರುಮಾಡಿ ಮತ್ತೆ ಕಳಿಸಿ. ಖಂಡಿತ ಓದುತ್ತೇವೆ.