ಷರತ್ತು ಸಡಿಲಿಸಿದರೆ ಲೆಕ್ಕ ಕೆಡುವುದಿಲ್ಲವೇ?

ಪ್ರಶ್ನೆ: ಮಂಗಳದ ಮೇಲೆ ನೌಕೆಯನ್ನು ಕಡಿಮೆ ಇಂಧನದಲ್ಲಿ ಇಳಿಸುವ ಲೆಕ್ಕ ಬರೆದಿದ್ದೇನೆ. ಎಂಜಿನ್ನಿನ ನೂಕುಬಲ ಗರಿಷ್ಠದ ಶೇ. 30ಕ್ಕಿಂತ ಕೆಳಗಿಳಿಯಬಾರದೆಂಬ ಷರತ್ತು ಸೇರಿಸಿದಾಗಿನಿಂದ ಸಾಲ್ವರ್ (ಲೆಕ್ಕ ಬಿಡಿಸುವ ತಂತ್ರಾಂಶ) ಒಮ್ಮೆ ಉತ್ತರ ಕೊಟ್ಟರೆ ಇನ್ನೊಮ್ಮೆ ಕೈಕೊಡುತ್ತದೆ. ಷರತ್ತನ್ನು ಸಡಿಲಿಸಿ ಎನ್ನುತ್ತಾರೆ. ಆಗ ಅದು ಬೇರೆಯೇ ಲೆಕ್ಕವಾಗುವುದಿಲ್ಲವೇ?
— ಏರೋಸ್ಪೇಸ್ ವಿದ್ಯಾರ್ಥಿನಿ

ಉತ್ತರ: ಸರಿಯಾಗಿ ಸಡಿಲಿಸಿದರೆ ಆಗುವುದಿಲ್ಲ. ನಿಮ್ಮ ಷರತ್ತಿಗೆ ಒಪ್ಪುವ ನೂಕುಬಲಗಳ ಗಣ ಉದ್ದಿನವಡೆಯ ಹಾಗಿದೆ: ಎದುರುಬದುರಿನ ಎರಡು ಬಿಂದುಗಳ ನಡುಬಿಂದು ತೂತಿನಲ್ಲಿ ಬೀಳುತ್ತದೆ. ಸಾಲ್ವರ್ ಎಡವುವುದು ಅಲ್ಲೇ. ಸಂಶೋಧಕರಾದ ಬೆಹ್ಚೆತ್ ಅಚಿಕ್‌ಮೆಷೆ, ಸ್ಕಾಟ್ ಪ್ಲೋಯನ್ 2007ರಲ್ಲಿ ತೋರಿಸಿದ ದಾರಿ ಹೀಗಿದೆ. ಗಾಮಾ ಎಂಬ ಹೊಸ ಚರವನ್ನು ತನ್ನಿ. ಕೆಳಮಿತಿ, ಮೇಲ್ಮಿತಿ ಎರಡನ್ನೂ ಅದಕ್ಕೇ ಹಾಕಿ. ನೂಕುಬಲದ ಪರಿಮಾಣ ಗಾಮಾವನ್ನು ಮೀರದಿದ್ದರೆ ಸಾಕು. ಇಂಧನದ ಖರ್ಚನ್ನೂ ಗಾಮಾದ ಲೆಕ್ಕಕ್ಕೇ ಬರೆಯಿರಿ. ತೂತು ಮುಚ್ಚಿತು, ಗಣ ಕಾನ್ವೆಕ್ಸ್ ಆಯಿತು, ಅಂದರೆ ಅದರ ಯಾವ ಎರಡು ಬಿಂದುಗಳ ನಡುವಿನ ಗೆರೆಯೂ ಗಣದೊಳಗೇ ಇರುತ್ತದೆ. ಅತ್ಯುತ್ತಮ ನಿಯಂತ್ರಣ ಪಾಲಿಸಲೇಬೇಕಾದ ಷರತ್ತುಗಳನ್ನು ಹೇಳುವ ಪಾಂಟ್ರಿಯಾಗಿನ್ ತತ್ತ್ವದ ಪ್ರಕಾರ, ವೇಗಕ್ಕೆ ಜೋಡಿಯಾದ ಸಹಚರ (ವೇಗ ತುಸು ಬದಲಾದರೆ ಖರ್ಚು ಎಷ್ಟು ಬದಲಾಗುತ್ತದೆ ಎಂಬ ಅಳತೆ) ಸೊನ್ನೆಯಾಗದಷ್ಟು ಹೊತ್ತೂ ನೂಕುಬಲ ಗಾಮಾದ ಅಂಚಿಗೇ ಅಂಟಿಕೊಂಡಿರುತ್ತದೆ. ಹಾಗಾಗಿ ಸಡಿಲಿಸಿದ ಲೆಕ್ಕದ ಉತ್ತರವೇ ಮೂಲ ಲೆಕ್ಕದ ಉತ್ತರ.

ದ್ರವ್ಯರಾಶಿಯಿಂದ ಭಾಗಿಸುವುದು ಇನ್ನೊಂದು ತೊಡಕು. ನೂಕುಬಲ, ಗಾಮಾ ಎರಡನ್ನೂ ದ್ರವ್ಯರಾಶಿಯಿಂದ ಭಾಗಿಸಿಟ್ಟುಕೊಂಡು, ದ್ರವ್ಯರಾಶಿಯ ಬದಲು ಅದರ ಸ್ವಾಭಾವಿಕ ಲಾಗರಿದಮ್ ಬಳಸಿ. ಆಗ ಚಲನೆಯ ಸಮೀಕರಣಗಳೆಲ್ಲ ರೇಖೀಯ. ಮಿತಿಗಳಲ್ಲಿ ಉಳಿಯುವ ಘಾತಾಂಕ ಪದವನ್ನು ಟೇಲರ್ ಸರಣಿಯಿಂದ ಬಿಡಿಸಿ: ಕೆಳಮಿತಿಗೆ ಎರಡನೇ ಘಾತದವರೆಗೆ, ಮೇಲ್ಮಿತಿಗೆ ಮೊದಲ ಘಾತಕ್ಕೇ ನಿಲ್ಲಿಸಿ. ಮೇಲೆಯೂ ಎರಡನೇ ಘಾತ ಹಾಕಿದರೆ ಕಾನ್ವೆಕ್ಸ್ ಗುಣ ಹೋಯಿತು. ತುಂಬ ಜನ ಎಡವುವುದು ಇಲ್ಲಿ.

ಹಾರಾಟದ ಸಮಯವನ್ನು ಹೊರಗಿನಿಂದ ಗೋಲ್ಡನ್ ಸೆಕ್ಷನ್ ಹುಡುಕಾಟದಲ್ಲಿ (ವ್ಯಾಪ್ತಿಯನ್ನು ಸುವರ್ಣಾನುಪಾತದಲ್ಲಿ ಕಿರಿದುಮಾಡುತ್ತ ಹೋಗುವುದು) ಹಿಡಿಯಬೇಕು. 1,905 ಕೆ.ಜಿ. ನೌಕೆ, ಅದರಲ್ಲಿ 400 ಕೆ.ಜಿ. ಇಂಧನ, 27 ಡಿಗ್ರಿ ವಾಲಿಸಿದ 3.1 ಕಿಲೋನ್ಯೂಟನ್‌ನ ಆರು ಎಂಜಿನ್, ನಿರ್ದಿಷ್ಟ ಆವೇಗ (ಇಂಧನದಿಂದ ಎಂಜಿನ್ ಎಷ್ಟು ನೂಕು ಪಡೆಯುತ್ತದೆ ಎಂಬ ಅಳತೆ) 225 ಸೆಕೆಂಡ್ ಎಂದುಕೊಳ್ಳಿ. ಶೇ. 30ರಲ್ಲಿ ನಿವ್ವಳ ನೂಕುಬಲ ಸುಮಾರು 4.97 ಕಿಲೋನ್ಯೂಟನ್, ಸೆಕೆಂಡಿಗೆ ಸುಮಾರು 2.5 ಕೆ.ಜಿ. ಇಂಧನ ಉರಿಯುತ್ತದೆ. 158 ಸೆಕೆಂಡಿಗೆ ಟ್ಯಾಂಕ್ ಖಾಲಿ, ಅದರಾಚೆ ಹುಡುಕಬೇಡಿ. ಸಮಯ ತೀರಾ ಕಡಿಮೆಯಾದರೂ ಪರಿಹಾರ ಸಿಗದು. ಅದು ಕೋಡಿನ ದೋಷವಲ್ಲ.

ಉತ್ತರ ಬಂದ ಮೇಲೆ ಗಾಮಾಕ್ಕೂ ನೂಕುಬಲದ ಪರಿಮಾಣಕ್ಕೂ ಇರುವ ಅಂತರದ ಗ್ರಾಫ್ ಹಾಕಿಯೇ ನೋಡಿ. ಎಂಜಿನ್ ಕೆಳಮಿತಿ, ಮೇಲ್ಮಿತಿಗಳ ನಡುವೆ ಜಿಗಿಯುವ ಒಂದೆರಡು ಬಿಂದುಗಳಲ್ಲಿ ಅಂತರ ಕಂಡರೆ ಅದು ಕಾಲವನ್ನು ತುಂಡುಮಾಡಿದ್ದರ ಫಲ. ಉದ್ದಕ್ಕೂ ಕಂಡರೆ ಮಾತ್ರ ಆ ಉತ್ತರವನ್ನು ಎಂಜಿನ್ ನಡೆಸಲಾರದು. ಪಥವು ಇಳಿಜಾರು ಶಂಕುವಿಗೋ (ನೌಕೆ ನೆಲಕ್ಕೆ ತೀರಾ ಹತ್ತಿರ ಹಾರದಂತೆ ಇಳಿಯುವ ಜಾಗದ ಮೇಲೆ ಕಲ್ಪಿಸುವ ಮಿತಿ) ವೇಗದ ಮಿತಿಗೋ ಬಹಳ ಹೊತ್ತು ಒರಗಿದ್ದರೆ ಎರಡೂ ಲೆಕ್ಕಗಳ ಉತ್ತರ ಒಂದೇ ಎಂಬ ಮೇಲಿನ ಸಾಧನೆ ನಿಲ್ಲುವುದಿಲ್ಲ. ಆ ಮಿತಿಯನ್ನು ತೆಗೆದು ಒಮ್ಮೆ ಓಡಿಸಿ. ಅಂತರ ಮಾಯವಾದರೆ ಕಾರಣ ಅದೇ.