ಮನ್ಯಾಗಿನ ಇಂದ್ರಜಾಲ, ಭೀಮಾದ ನೀರು, ಸಮುದ್ರದ ಆಮೆ: ನಿಮ್ಮ ಪ್ರಶ್ನೆಗೆ ಉತ್ತರ

ಸಮುದ್ರದ ಜೀವಿಗಳ ಬಗ್ಗೆ ಏನರ ಕೇಳೋದಿದ್ರ ಕಳಸ್ರಿ ಅಂದಿದ್ವಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆದಿಂದ ಭಾಳ ಪ್ರಶ್ನೆ ಬಂದಾವ. ಎಲ್ಲಾದಕ್ಕೂ ಜಾಗ ಸಾಲಲ್ಲ, ಅದಕ್ಕ ಹೆಚ್ಚು ಮಂದಿಗಿ ಉಪಯೋಗ ಆಗೋವು ಆರಿಸ್ಕೊಂಡೀನಿ.

ಬೀದರ್‌ನಿಂದ ಒಬ್ಬ ಅಕ್ಕೋರು: ಸರ್, ಹೊಸಾ ಮನಿ ವಾಸ್ತುಶಾಂತಿಗಿ ನಮ್ಮ ಮೈದುನ ಇಂದ್ರಜಾಲದ ಫ್ರೇಮ್ ಕೊಟ್ಟಾನ. ಆನ್‌ಲೈನ್‌ದಾಗ ತರಿಸಿದ್ದಂತ. ಕರ್ರಗ ಜಾಳಗಿ ಥರ ಅದ, ಬಾಗಿಲ ಮ್ಯಾಲ ಹಾಕಿದ್ರ ದೃಷ್ಟಿ ತಾಕಲ್ಲ ಅಂತ ಹೇಳ್ದ. ಈಗ ಮಗಳ ಟೀಚರ್ ನೋಡಿ ಇದು ಇಟ್ಕೊಂಡ್ರ ಕೇಸ್ ಆಗ್ತದ ಅಂದ್ರು. ಗಿಡದ ಬೇರಿಗಿ ಯಾಕ್ರಿ ಕೇಸು?

ಅಕ್ಕೋರೆ, ಅದು ಬೇರಲ್ಲ, ಗಿಡಾನೇ ಅಲ್ಲ, ಅದು ಪ್ರಾಣಿ. ಮಾರೋರು ಸಮುದ್ರದ ಬಳ್ಳಿ, ಹಿಮಾಲಯದ ಬೇರು ಅಂತ ಏನೇನೋ ಹೇಳ್ತಾರ, ಆದ್ರ ಇಂದ್ರಜಾಲ ಅಂತ ಮಾರಾಟ ಆಗೋದು ಸೀ ಫ್ಯಾನ್ ಇಲ್ಲಾಂದ್ರ ಕಪ್ಪು ಹವಳ. ಸಮುದ್ರದ ತಳದಾಗ ಬಂಡೆಗಲ್ಲಿಗಿ ಅಂಟ್ಕೊಂಡು ಬೀಸಣಿಗಿ ಹಂಗ ಹರಡಿ ಬೆಳೀತದ. ಅದರ ಮೈ ತುಂಬ ಪಾಲಿಪ್ ಅನ್ನೋ ಸಣ್ಣ ಸಣ್ಣ ಜೀವಿಗಳು ಸಾವಿರಗಟ್ಲೆ ಒಂದಕ್ಕೊಂದು ಕೂಡ್ಕೊಂಡಿರ್ತಾವ, ಒಂದೊಂದಕ್ಕೂ ಬಾಯಿ ಅದ, ಬಾಯಿ ಸುತ್ತ ಬೆರಳಿನಂಥಾ ಕೊಂಬುಗಳು ಅವ, ನೀರಿನಾಗ ತೇಲಿ ಬರೋ ಕಣ್ಣಿಗಿ ಕಾಣದಂಥಾ ಆಹಾರ ಹಿಡಿದು ತಿಂತಾವ. ನಿಮ್ಮ ಫ್ರೇಮಿನಾಗ ಇರೋದು ಆ ಜೀವಗಳೆಲ್ಲ ಸತ್ತ ಮ್ಯಾಲ ಉಳಿದ ಅಸ್ಥಿಪಂಜರ.

ಮತ್ತ ಇವು ಬೆಳೆಯೋದು ಭಾಳ ನಿಧಾನ. ಹವಾಯಿ ದ್ವೀಪದ ಹತ್ರ ಆಳ ಸಮುದ್ರದಾಗ ಸಿಕ್ಕ ಒಂದು ಕಪ್ಪು ಹವಳದ ವಯಸ್ಸು 4,000 ವರ್ಷಕ್ಕಿಂತ ಹೆಚ್ಚು ಅಂತ ವಿಜ್ಞಾನಿಗಳು ಲೆಕ್ಕ ಹಾಕ್ಯಾರ. ಎಲ್ಲವೂ ಅಷ್ಟು ಹಳೇವು ಇರಲ್ಲ ಖರೇ, ಆದ್ರ ಒಂದು ಫ್ರೇಮ್ ತುಂಬೋ ಅಷ್ಟು ಅಗಲ ಆಗ್ಬೇಕಂದ್ರ ಎಷ್ಟೋ ವರ್ಷ ಹಿಡೀತದ. ಅದರ ಟೊಂಗಿ ಸಂದ್ಯಾಗ ಸಣ್ಣ ಮೀನು, ಸಿಗಡಿ, ಏಡಿ ಎಲ್ಲಾ ಮನಿ ಮಾಡ್ಕೊಂಡಿರ್ತಾವ, ಕಿತ್ತಾಗ ಅವೆಲ್ಲದರ ಆಸರನೂ ಹೋಗ್ತದ. ಇಷ್ಟೆಲ್ಲಾ ಆಗೋದು ನಮ್ಮಂಥಾ ಊರಿನ ಬಾಗಿಲಿಗಿ ಮೊಳೆ ಹೊಡೆದು ತೂಗಹಾಕ್ಲಾಕ. ಹೇಳ್ಲಾಕ ಸಂಕಟ ಆಗ್ತದ, ಯಾಕಂದ್ರ ಕೊಳ್ಳೋ ಮಂದಿ ಬಹುಪಾಲು ಸಮುದ್ರಾನೇ ನೋಡಿರಲ್ಲ, ಭಕ್ತಿಲಿಂದ ತಗೊಂಡಿರ್ತಾರ.

ಈಗ ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಂದ್ರ ಹುಲಿ, ಆನಿ ಅಷ್ಟೇ ಅಂತ ಮಂದಿ ತಿಳ್ಕೊಂಡಾರ. 2001ರಾಗ ಆ ಕಾಯ್ದೆಯ ಮೊದಲನೇ ಪಟ್ಟಿಗಿ ಹವಳ, ಸೀ ಫ್ಯಾನ್, ಕಪ್ಪು ಹವಳ, ಸಮುದ್ರಕುದುರೆ, ಸಮುದ್ರಸೌತೆ, ತಿಮಿಂಗಿಲ ಶಾರ್ಕ್ ಎಲ್ಲಾ ಸೇರ್ಸ್ಯಾರ. ಅಂದ್ರ ಹುಲಿಗಿ ಇರೋ ರಕ್ಷಣೆನೇ ನಿಮ್ಮ ಫ್ರೇಮಿನ ಜೀವಿಗೂ ಅದ. ಮೊದಲನೇ ಪಟ್ಟಿಯ ಪ್ರಾಣಿ ವ್ಯಾಪಾರಕ್ಕ ಕಡಿಮಿ ಅಂದ್ರ 3 ವರ್ಷ, ಹೆಚ್ಚಂದ್ರ 7 ವರ್ಷ ಜೈಲು, ಮ್ಯಾಲ ದಂಡ. 2023ರಾಗ ಹುಲಿ ಉಗುರಿನ ಲಾಕೆಟ್ ಗಲಾಟೆ ಟಿವ್ಯಾಗ ಎಲ್ಲಾರೂ ನೋಡೀರಿ, ಇದೂ ಅದೇ ಕಾಯ್ದೆ.

ಹೆದರಿ ಕಸದಾಗ ಒಗೀಬ್ಯಾಡ್ರಿ, ಇನ್ನೊಬ್ಬರಿಗಿ ಕೊಟ್ಟು ಕೈ ತೊಳ್ಕೊಳ್ಳೋದಂತೂ ಮಾಡ್ಲೇಬ್ಯಾಡ್ರಿ, ಅದೂ ತಪ್ಪೇ ಆಗ್ತದ. ಗೊತ್ತಿರೋ ವಕೀಲರೊಬ್ಬರಿಗಿ ಒಂದು ಮಾತು ಕೇಳಿ, ಹ್ಯಾಂಗ ಬಂತು ಅಂತ ಇದ್ದದ್ದು ಇದ್ದಂಗ ಬರೆದು, ವಲಯ ಅರಣ್ಯಾಧಿಕಾರಿ ಆಫೀಸಿಗಿ ಒಪ್ಪಿಸ್ರಿ. ತರಿಸಿದ ವೆಬ್‌ಸೈಟಿನ ಬಿಲ್ಲು ಇದ್ರ ಅದೂ ಕೊಡ್ರಿ, ಮಾರೋರನ್ನ ಹಿಡೀಲಾಕ ಅದೇ ಬೇಕಾಗ್ತದ. ಮತ್ತ ಇನ್ನೊಂದು, ಇದು ಓದಿ ದೇವರ ಜಗಲಿ ಮ್ಯಾಲಿನ ಶಂಖದ ಬಗ್ಗೆ ಗಾಬರಿ ಆಗೋರು ಇರ್ತೀರಿ, ಪೂಜಾದಾಗ ಊದೋ ಬಿಳಿ ಶಂಖ ಆ ಪಟ್ಯಾಗ ಇಲ್ಲ.

ಅಫಜಲಪುರದಿಂದ ಡಿಗ್ರಿ ಓದೋ ಹುಡುಗ: ಸರ್, ನಮ್ಮೂರಿಂದ ಸಮುದ್ರ ನೂರಾರು ಕಿಲೋಮೀಟರ್ ದೂರ. ಗಾಣಗಾಪುರ ಸಂಗಮದಾಗ ಮಂದಿ ಸ್ನಾನ ಮಾಡಿ ಹಳೇ ಅರಿವಿ, ಪ್ಲಾಸ್ಟಿಕ್ ಎಲ್ಲಾ ಹೊಳಿಗೇ ಬಿಡ್ತಾರ. ಬಿಡಬ್ಯಾಡ್ರಿ ಅಂದ್ರ ‘ಏನ್ ಸಮುದ್ರಕ್ಕ ಹೋಗ್ತದೇನೋ’ ಅಂತ ನಗ್ತಾರ. ಖರೇನೇ ಹೋಗ್ತದೇನ್ರಿ?

ತಮ್ಮಾ, ಮೊದಲ ಹೊಳಿ ಹಿಡ್ಕೊಂಡು ಕೆಳಗ ಹೋಗೋಣ. ಮಹಾರಾಷ್ಟ್ರದ ಭೀಮಾಶಂಕರದಾಗ ಹುಟ್ಟಿದ ಭೀಮಾ ಪಂಢರಪುರ ದಾಟಿ ನಿಮ್ಮ ತಾಲೂಕಿಗಿ ಬರ್ತದ, ಗಾಣಗಾಪುರದಾಗ ಅಮರ್ಜಾ ಕೂಡ್ತದ, ಮುಂದ ಕಾಗಿಣಾ ಸೇರ್ತದ, ಸನ್ನತಿ, ಯಾದಗಿರಿ ದಾಟಿ ರಾಯಚೂರು ಗಡಿ ಹತ್ರ ಕೃಷ್ಣಾಕ್ಕ ಬೀಳ್ತದ, ಅಲ್ಲಿಂದ ಜುರಾಲಾ, ಶ್ರೀಶೈಲ, ನಾಗಾರ್ಜುನ ಸಾಗರ, ವಿಜಯವಾಡದ ಪ್ರಕಾಶಂ ಬ್ಯಾರೇಜ್, ಕಡಿಗಿ ಹಂಸಲದೀವಿ ಹತ್ರ ಬಂಗಾಳ ಕೊಲ್ಲಿ. ಬೀದರ್ ಕಡಿ ಮಾಂಜ್ರಾ ಗೋದಾವರಿಗಿ ಸೇರ್ತದ, ಅದೂ ಬಂಗಾಳ ಕೊಲ್ಲಿಗೇ ಹೋಗ್ತದ.

ಈಗ ನಗೋರಿಗಿ ಖರೇ ಹೇಳ್ಬೇಕಂದ್ರ, ಸಂಗಮದಾಗ ಬಿಟ್ಟ ಚೀಲ ಇಡಿಯಾಗಿ ಅಷ್ಟು ದೂರ ಹೋಗೋದು ಕಷ್ಟ, ನಡುವ ಅಷ್ಟೊಂದು ಡ್ಯಾಮ್ ಅವ, ಮುಳ್ಳುಕಂಟಿಗಿ ಸಿಕ್ಕೊಂಡೋ ರಾಡ್ಯಾಗ ಹೂತೋ ಕೂಡ್ತದ. ಆದ್ರ ಅಲ್ಲೇ ಕೂತು ಬಿಸಲಿಗಿ ಪುಡಿ ಪುಡಿ ಆಗ್ತದ. 5 ಮಿಲಿಮೀಟರ್‌ಕ್ಕಿಂತ ಸಣ್ಣ ಚೂರಿಗಿ ಮೈಕ್ರೋಪ್ಲಾಸ್ಟಿಕ್ ಅಂತಾರ, ಆ ಚೂರಿಗಿ ಗೇಟ್ ತೆಗೆದಾಗ, ಹೊಳಿ ತುಂಬಿ ಬಂದಾಗ ದಾರಿ ಸಿಗ್ತದ. ಅರಿವಿ ವಿಷಯಾನೂ ಇದೇ. ಈಗಿನ ಸೀರಿ, ಪ್ಯಾಂಟು ಬಹಳಷ್ಟು ಪಾಲಿಸ್ಟರ್, ಅಂದ್ರ ಪ್ಲಾಸ್ಟಿಕ್ಕಿನ ನೂಲೇ, ನೀರಾಗ ಕೊಳೆಯಂಗಿಲ್ಲ, ಎಳಿ ಎಳಿ ಬಿಚ್ಚಿ ಹರೀತದ. ನೂಲಿನಂಥಾ ಇಂಥಾ ಎಳಿಗಳು ಸಮುದ್ರದ ಮೀನಿನ ಹೊಟ್ಯಾಗೂ ಸಿಗ್ತಾವ. ಹೊಳಿಯಾಗಿನ ಮೀನು ಅದನ್ನ ಮೊದಲು ತಿಂತಾವ, ಆ ಮೀನು ತಿನ್ನೋರು ನಾವೇ. ನಗೋರಿಗಿ ಸಮುದ್ರ ದೂರ ಅನ್ಸಿದ್ರ ತಮ್ಮ ತಾಟು ದೂರ ಇಲ್ಲಲ್ಲ, ಅದನ್ನ ಹೇಳು.

ಇನ್ನೊಂದು ಮಾತು ಪ್ಲಾಸ್ಟಿಕ್ ಗದ್ದಲದಾಗ ಯಾರೂ ಹೇಳಲ್ಲ. ನಾವು ಹೊಳಿಗಿ ಬಿಡಬಾರದ್ದು ಬಿಡ್ತೀವಿ, ಬಿಡ್ಬೇಕಾದ್ದನ್ನ ತಡೀತೀವಿ. ಕೃಷ್ಣಾ, ಗೋದಾವರಿ ಎರಡೂ ಒಂದು ಕಾಲಕ್ಕ ಹೊತ್ತೊಯ್ತಿದ್ದ ಮಣ್ಣು ಈಗ ಡ್ಯಾಮಿನಾಗೇ ಕೂಡ್ಲತ್ತದ, ಸಮುದ್ರದ ದಂಡಿಗಿ ಹೊಸಾ ಮಣ್ಣು ಸಾಲ್ದೆ ಡೆಲ್ಟಾ, ಅಂದ್ರ ಹೊಳಿ ಸಮುದ್ರ ಸೇರೋ ಕಡಿ ಮಣ್ಣು ಕೂಡಿ ಆದ ನೆಲ, ಅಲ್ಲಲ್ಲಿ ಸವೀಲತ್ತದ. ಅಲ್ಲೇ ಆಲಿವ್ ರಿಡ್ಲೆ ಆಮೆಗಳು ಮೊಟ್ಟಿ ಇಡೋ ಮಳಲಿನ ದಂಡಿ ಅದ, ಅಲ್ಲೇ ಆಂಧ್ರದ ಕೋರಿಂಗಾ ಅಂಥಾ ಮ್ಯಾಂಗ್ರೋವ್ ಕಾಡು, ಅಂದ್ರ ಉಪ್ಪುನೀರಿನಾಗ ಬೆಳೆಯೋ ಗಿಡಗಳ ಕಾಡು ಅವ, ಮೀನು ಸಿಗಡಿ ಮರಿ ಬೆಳೆಯೋದು ಆ ಕಾಡಿನ ಬೇರಿನ ಸಂದ್ಯಾಗ. ಡ್ಯಾಮ್ ಬ್ಯಾಡ ಅಂತ ನಾ ಹೇಳ್ತಿಲ್ಲ, ನಮ್ಮ ಭಾಗಕ್ಕ ನೀರು ಹೆಂಗ ಬೇಕು ಅಂತ ನಮಗ ಗೊತ್ತದ. ಆದ್ರ ಹೊಳಿ ನೀರು ಸಮುದ್ರಕ್ಕ ಹೋದ್ರ ‘ವೇಸ್ಟ್ ಆತು’ ಅಂತೀವಲ್ಲ, ಆ ಮಾತು ಒಪ್ಲಾಕ ನನ್ನಿಂದ ಆಗಂಗಿಲ್ಲ. ಆ ನೀರು, ಆ ಮಣ್ಣು ಅಲ್ಲಿ ಕೆಲಸ ಮಾಡ್ತದ.

ಮತ್ತ ಆ ಸಮುದ್ರ ನಮಗ ವಾಪಸ್ ಕೊಡೋದು ಮಳಿ. ಹಿಂಗಾರಿನಾಗ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಮಳಿ ನಮ್ಮ ಜ್ವಾಳಕ್ಕ ಬೇಕು. ಅದೇ ಅತಿ ಆದ್ರ ಏನಾಗ್ತದ ಅಂತ 2020ರ ಅಕ್ಟೋಬರ್‌ದಾಗ ಭೀಮಾ ದಂಡಿ ಮಂದಿ ಎಲ್ಲಾ ನೋಡ್ಯಾರ, ಆ ಸಲದ ಮಳಿ ತಂದದ್ದು ಕಾಕಿನಾಡಾ ಹತ್ರ ದಡ ದಾಟಿ ಬಂದ ವಾಯುಭಾರ ಕುಸಿತ. ಸಮುದ್ರದ ನೀರು ಬಿಸಿ ಆದಷ್ಟೂ ಇಂಥಾ ಕುಸಿತಕ್ಕ ಬಲ ಜಾಸ್ತಿ ಸಿಗ್ತದ.

ಶಹಾಪುರದಿಂದ ಒಬ್ಬ ಮೇಷ್ಟ್ರು: ಸಾಲಿ ಹುಡುಗೂರನ್ನ ಡಿಸೆಂಬರ್‌ದಾಗ ಮುರ್ಡೇಶ್ವರ, ಗೋಕರ್ಣ ಟ್ರಿಪ್ ಒಯ್ತೀವಿ. ನಮ್ಮ ಕರ್ನಾಟಕದ ದಂಡ್ಯಾಗ ಆಮೆ ಮೊಟ್ಟಿ ಇಡ್ತಾವೇನ್ರಿ? ಕಂಡ್ರ ಏನ್ ಮಾಡ್ಬೇಕು?

ಇಡ್ತಾವ್ರಿ. ಒಡಿಶಾದ ಗಹಿರ್‌ಮಾಥಾ, ಋಷಿಕುಲ್ಯಾದಾಗ ಆದಂಗ ಲಕ್ಷಗಟ್ಲೆ ಒಮ್ಮೆಲೇ ಬರಲ್ಲ, ಉತ್ತರ ಕನ್ನಡ, ಉಡುಪಿ ಕಡಿ ಚಳಿಗಾಲದಾಗ ಒಂದೊಂದೇ ಬಂದು ಇಟ್ಟು ಹೋಗ್ತಾವ, ಹೊನ್ನಾವರದ ಕಾಸರಕೋಡು ಟೊಂಕಾ ದಂಡಿ ಅದಕ್ಕ ಹೆಸರಾದದ್ದು. ರಾತ್ರಿ ಬಂದು, ಹಿಂದಿನ ಕಾಲಿಲಿಂದ ಕುಣಿ ತೋಡಿ, ನೂರರ ಆಸುಪಾಸು ಮೊಟ್ಟಿ ಇಟ್ಟು, ಮಳಲು ಮುಚ್ಚಿ ಹೋಗ್ತದ. 45ರಿಂದ 60 ದಿನಕ್ಕ ಮರಿ ಹೊರಗ ಬರ್ತಾವ. ಹುಡುಗೂರಿಗಿ ಇದನ್ನ ಜರೂರ ಹೇಳ್ರಿ: ಮರಿ ಗಂಡೋ ಹೆಣ್ಣೋ ಅನ್ನೋದು ಮಳಲಿನ ಬಿಸಿ ಮ್ಯಾಲ ಹೋಗ್ತದ, ಬಿಸಿ ಜಾಸ್ತಿ ಆದ್ರ ಹೆಣ್ಣು ಜಾಸ್ತಿ. ಅದಕ್ಕೇ ಭೂಮಿ ಬಿಸಿ ಆಗ್ಲತ್ತದ ಅಂದ್ರ ಆಮೆ ಮ್ಯಾಲ ಕೆಲಸ ಮಾಡೋರಿಗಿ ಅಷ್ಟು ಚಿಂತಿ.

ಕಂಡ್ರ ದೂರ ನಿಲ್ರಿ, ಟಾರ್ಚ್, ಮೊಬೈಲ್ ಫ್ಲ್ಯಾಶ್ ಬಂದ್ ಮಾಡ್ರಿ. ಮರಿಗಳು ಸಮುದ್ರದ ಕಡಿಯ ತಿಳಿ ಬೆಳಕು ನೋಡಿ ನಡೀತಾವ, ರೆಸಾರ್ಟಿನ ಲೈಟು, ನಮ್ಮ ಮೊಬೈಲ್ ಲೈಟು ಕಂಡ್ರ ದಿಕ್ಕು ತಪ್ಪಿ ರೋಡಿಗಿ ಬರ್ತಾವ. ಕೈಯಾಗ ಹಿಡಿದು ಸೆಲ್ಫಿ ಅಂತೂ ಬ್ಯಾಡೇ ಬ್ಯಾಡ. ಅಲ್ಲೇ ಇರೋ ಮೀನುಗಾರರಿಗಿ, ಅರಣ್ಯ ಇಲಾಖೆಯವರಿಗಿ ತಿಳಸ್ರಿ, ಆ ದಂಡಿ ಮಂದಿಗಿ ಯಾವ ಗೂಡು ಎಲ್ಲದ ಅಂತ ಗೊತ್ತಿರ್ತದ.

ಕಲಬುರಗಿಯಿಂದ ಒಬ್ಬರು: ‘ತಿಮಿಂಗಿಲದ ವಾಂತಿ’ ಅದ, ಕೋಟಿ ರೂಪಾಯಿ ಮಾಲು, ಪಾರ್ಟಿ ಹುಡುಕಿಕೊಡ್ರಿ, ಕಮಿಷನ್ ಕೊಡ್ತೀವಿ ಅಂತ ವಾಟ್ಸಾಪ್ ಬಂದದ. ಲೀಗಲ್ ಏನ್ರಿ?

ಅಲ್ಲ. ಸ್ಪರ್ಮ್ ತಿಮಿಂಗಿಲದ ಕರುಳಿನಾಗ ಆಗೋ ಅಂಬರ್‌ಗ್ರೀಸ್ ಅದು, ನಮ್ಮ ದೇಶದಾಗ ಮಾರೋದು, ಕೊಳ್ಳೋದು ಎರಡೂ ಅಪರಾಧ. ನಂಬರ್ ಪೊಲೀಸರಿಗಿ ಕೊಡ್ರಿ, ಯಾರಿಗೂ ಫಾರ್ವರ್ಡ್ ಮಾಡಬ್ಯಾಡ್ರಿ.

ಸೇಡಂದಿಂದ ಒಬ್ಬ ಹೋಟೆಲ್‌ನವರು: ಜೂನ್ ಬಂತಂದ್ರ ಸಮುದ್ರದ ಮೀನು ಸಿಗಲ್ಲ, ಸಿಕ್ರೂ ರೇಟ್ ಡಬಲ್. ಈ ಬಂದ್ ಯಾಕ ಮಾಡ್ತಾರ? ಇದರಿಂದ ಏನರ ಫಾಯ್ದೆ ಅದ?

ಅಣ್ಣಾರ, ಪಶ್ಚಿಮ ಕರಾವಳಿದಾಗ ಜೂನ್ 1ರಿಂದ ಜುಲೈ 31, ಪೂರ್ವ ಕರಾವಳಿದಾಗ ಏಪ್ರಿಲ್ 15ರಿಂದ ಜೂನ್ 14, ಎರಡೂ ಕಡಿ 61 ದಿನ ಯಾಂತ್ರಿಕ ಬೋಟಿಗಿ ಬಂದ್. ಎಷ್ಟೋ ಜಾತಿ ಮೀನು ತತ್ತಿ ಇಡೋ ಹೊತ್ತು ಅದು. ಆಗ ಹಿಡಿದ್ರ ಮುಂದಿನ ವರ್ಷದ ಮೀನನ್ನ ಇವತ್ತೇ ತಿಂದಂಗ. ರೇಟ್ ಏರ್ತದ ಖರೇ, ಆದ್ರ ಬೋಟಿನವರು ಎರಡು ತಿಂಗಳ ದುಡಿಮಿ ಬಿಟ್ಟು ಕೂಡ್ತಾರ, ಅವರ ತ್ಯಾಗ ನಮ್ಮ ರೇಟಿಗಿಂತ ದೊಡ್ಡದು. ಆ ಟೈಮಿನಾಗ ರೋಹು, ಕಾಟ್ಲಾ ಅಂಥಾ ಕೆರಿ ಮೀನು ಮಾಡ್ರಿ. ಬೊಟ್ಟಿನಷ್ಟು ಮರಿ ಮೀನು ಅಗ್ಗಕ್ಕ ಬಂದ್ರ ಯಾವಾಗಲೂ ತಗೋಬ್ಯಾಡ್ರಿ.

ಮೀನುಗಾರರು ಮನಸ್ಸು ಮಾಡಿದ್ರ ಏನಾಗ್ತದ ಅನ್ನೋದಕ್ಕ ಗುಜರಾತಿನದ್ದು ಹೇಳ್ತೀನಿ. ಅಲ್ಲಿ ತಿಮಿಂಗಿಲ ಶಾರ್ಕ್ ಅನ್ನೋ ಮೀನು, ಜಗತ್ತಿನ ಎಲ್ಲಕ್ಕಿಂತ ದೊಡ್ಡ ಮೀನು ಅದು, ಅದರ ಪಿತ್ತಜನಕಾಂಗದ ಎಣ್ಣಿ ಬೋಟಿಗಿ ಬಳಿಲಾಕ ಅಂತ ಕೊಲ್ತಿದ್ರು. 2001ರಾಗ ಕಾನೂನು ಬಂತು, ಕಾನೂನಿಂದ ಅಷ್ಟೇ ನಿಲ್ತಿರಲಿಲ್ಲ. 2004ರಿಂದ ರಾಮಕಥಾ ಹೇಳೋ ಮೊರಾರಿ ಬಾಪು ಅವರು ಊರೂರಿಗಿ ಹೇಳಿದ್ರು, ಇದು ತವರಿಗಿ ಹೆರಿಗಿಗಿ ಬರೋ ಮಗಳು ಇದ್ದಂಗ ಅಂತ, ‘ವ್ಹಾಲಿ’ (ಪ್ರೀತಿಯ ಮಗಳು) ಅಂತ ಹೆಸರಿಟ್ರು. ಆಮ್ಯಾಲ ಬಲಿಗಿ ಬಿದ್ರ ಮೀನುಗಾರರೇ ಬಲಿ ಕೊಯ್ದು ಬಿಡ್ಲಾಕ ಶುರು ಮಾಡಿದ್ರು, ಹರಿದ ಬಲಿಗಿ ಸರ್ಕಾರ ರೊಕ್ಕ ಕೊಡ್ತದ. ಹಿಂಗ ನೂರಾರು ಮೀನು ಉಳಿದಾವ.

ಆಮೆ ಕಥಿ ಇನ್ನೂ ಅಷ್ಟು ಸುಧಾರಿಸಿಲ್ಲ. ಆಮೆ ಗಾಳಿ ಉಸಿರಾಡೋ ಪ್ರಾಣಿ, ಬೋಟು ಎಳ್ಕೊಂಡು ಹೋಗೋ ಟ್ರಾಲ್ ಬಲ್ಯಾಗ ಸಿಕ್ಕು ಮ್ಯಾಲ ಬರ್ಲಾಕ ಆಗದೆ ಸಾಯ್ತದ. ಬಲಿಗಿ ಟರ್ಟಲ್ ಎಕ್ಸ್‌ಕ್ಲೂಡರ್ ಅನ್ನೋ ಸಳಿ ಕಿಂಡಿ ಕೂಡ್ಸಿದ್ರ ಆಮೆ ಹೊರಗ ಹೋಗ್ತದ, ಸಿಗಡಿ ಒಳಗ ಉಳೀತದ. ಅದು ಸರಿಯಾಗಿ ಹಾಕ್ಲಿಲ್ಲ ಅಂತ 2019ರಿಂದ ಅಮೆರಿಕ ನಮ್ಮ ಸಮುದ್ರದಾಗ ಹಿಡಿದ ಸಿಗಡಿ ತಗೊಳ್ಳೋದು ನಿಲ್ಸ್ತು. ಹಾಕೋರು ಹಾಕ್ಲಿ ಅಂತ ಕೂಡೋದಲ್ಲ, ಬೋಟಿನವರಿಗಿ ಸರ್ಕಾರ ಖರ್ಚು ಕೊಟ್ಟು ಹಾಕಿಸ್ಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಭಾಲ್ಕಿಯಿಂದ ಪಿಯುಸಿ ಹುಡುಗಿ: ಸಮುದ್ರದ ಜೀವಿಗಳ ಬಗ್ಗೆ ಓದ್ಬೇಕಂತ ಆಸೆ. ನಮ್ಮಪ್ಪ ರೈತರು, ‘ನಮ್ಮ ಕಡಿ ಅದೆಲ್ಲಿ ಓದ್ತಿ’ ಅಂತಾರ.

ತಂಗಿ, ಅಪ್ಪಾಜಿಗಿ ಹೇಳು, ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಹೆಡ್ ಆಫೀಸ್ ನಿಮ್ಮ ಬೀದರ್‌ದಾಗೇ ಅದ. ಮಂಗಳೂರಿನ ಮೀನುಗಾರಿಕೆ ಕಾಲೇಜು, 1969ರಾಗ ಶುರು ಆದದ್ದು, ಅದರ ಕೈಕೆಳಗೇ ಬರ್ತದ. ಪಿಯುಸಿದಾಗ ಸೈನ್ಸ್, ಬಯಾಲಜಿ ಜೊತಿ ಇರ್ಲಿ, ಸಿಇಟಿ ಬರೀಬೇಕು, ಬಿಎಫ್‌ಎಸ್‌ಸಿ, ಅಂದ್ರ ಮೀನುಗಾರಿಕೆ ವಿಜ್ಞಾನದ ಡಿಗ್ರಿ, 4 ವರ್ಷದ ಕೋರ್ಸು, ರೈತರ ಮಕ್ಕಳಿಗಿ ಕೋಟಾನೂ ಅದ. ಬಿಎಸ್‌ಸಿ ಮಾಡಿ ಆಮ್ಯಾಲ ಹೋಗೋದಾದ್ರ ಕಾರವಾರದಾಗ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ಅದ. ಅರ್ಜಿ ಹಾಕೋ ಮೊದಲು ಅಪ್ಪಾಜಿನ ಕರ್ಕೊಂಡು ಒಂದು ದಿನ ಬೀದರ್ ಆಫೀಸಿಗಿ ಹೋಗಿ ಬಾ, ಸೀಟು, ಹಾಸ್ಟೆಲ್, ಫೀ ಎಲ್ಲಾ ಕೂತು ಕೇಳ್ರಿ.